ಲೈನಿನ ಕೊನೆಗೆ ಎಷ್ಟು ವೋಲ್ಟೇಜು?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇರುವುದು ಲೋಡ್ ಫ್ಲೋ ಬಗ್ಗೆಯೇ. ಹೊಸ ಓದುಗರಿಗಾಗಿ ಒಂದು ಮಾತು. ಸಬ್‌ಸ್ಟೇಷನ್ನಿಂದ ಹೊರಟ ಕರೆಂಟು ಯಾವ ತಂತಿಯಲ್ಲಿ ಎಷ್ಟು ಹರಿಯುತ್ತದೆ, ಯಾವ ಕಂಬದ ಹತ್ತಿರ ವೋಲ್ಟೇಜ್ ಎಷ್ಟು ಉಳಿಯುತ್ತದೆ, ದಾರಿಯಲ್ಲಿ ಎಷ್ಟು ಶಾಖವಾಗಿ ಹಾಳಾಗುತ್ತದೆ ಎಂದು ಲೆಕ್ಕ ಹಾಕುವುದೇ ಲೋಡ್ ಫ್ಲೋ. ನಾನು 22 ವರ್ಷ ಇದೇ ಲೆಕ್ಕ ಮಾಡಿದವಳು. ಈಗ ವಿಜಯಪುರದಲ್ಲಿ ಹುಡುಗರಿಗೆ ಇದನ್ನೇ ಕಲಿಸುತ್ತೇನೆ. ಪತ್ರಗಳು ಉದ್ದ ಇದ್ದವು, ಪ್ರಶ್ನೆಯ ತಿರುಳನ್ನಷ್ಟೇ ಇಲ್ಲಿ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮೂರ ಪಂಪ್‌ಸೆಟ್ ಫೀಡರನ್ನು (ಸಬ್‌ಸ್ಟೇಷನ್ನಿಂದ ಪಂಪುಗಳಿಗೆ ಹೋಗುವ ಲೈನನ್ನು) ಲೋಡ್ ಫ್ಲೋ ಲೆಕ್ಕ ಮಾಡುವ ಪಾಂಡಾಪವರ್ ಎಂಬ ಸಾಫ್ಟ್‌ವೇರಿನಲ್ಲಿ ಕಟ್ಟಿದ್ದೇನೆ. 11 ಕೆವಿ, 12 ಕಿಲೋಮೀಟರ್, ಕೊನೆಯಲ್ಲಿ 1.5 ಮೆಗಾವ್ಯಾಟ್ ಲೋಡು, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) 0.8. ಕೊನೆಗೆ 10.5 ಕೆವಿ ಇದೆ ಎಂದು ಉತ್ತರ ಬರುತ್ತದೆ. ಆದರೆ ಲೈನ್‌ಮನ್ ಅಣ್ಣ ನಕ್ಕು, 'ಅಲ್ಲಿ ಮೋಟಾರ್ ಏಳೋದೇ ಇಲ್ಲಮ್ಮ' ಅಂದರು. ನನ್ನ ತಪ್ಪು ಎಲ್ಲಿದೆ?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ನೀವು ಲೈನ್‌ಮನ್ ಅವರನ್ನು ಕೇಳಿದಿರಲ್ಲ, ಅರ್ಧ ಕೆಲಸ ಆಗಲೇ ಆಯಿತು. ನೀವು ಕಳಿಸಿದ ಫೈಲ್ ತೆರೆದು ನೋಡಿದೆ. ತಂತಿ ಯಾವುದು ಎಂದು ಕೇಳಿದ ಜಾಗದಲ್ಲಿ ಸಾಫ್ಟ್‌ವೇರಿನ ಸಿದ್ಧ ಪಟ್ಟಿಯಿಂದ 150 ಚದರ ಮಿಲಿಮೀಟರಿನ ಕೇಬಲ್ ಆರಿಸಿದ್ದೀರಿ. ಪಾಂಡಾಪವರ್ ಹುಟ್ಟಿದ್ದು ಜರ್ಮನಿಯ ಕಾಸೆಲ್‌ನಲ್ಲಿ. ಅದರ ಪಟ್ಟಿಯಲ್ಲಿರುವುದು ಅಲ್ಲಿಯ ತಂತಿಗಳು, ಅಲ್ಲಿ ನೆಲದಡಿ ಹೂಳುವ ಕೇಬಲ್‌ಗಳು. ಅದಕ್ಕೆ ಕಿಲೋಮೀಟರಿಗೆ 0.2 ಓಮ್ ರೆಸಿಸ್ಟೆನ್ಸ್. ನಿಮ್ಮೂರ ಕಂಬದ ಮೇಲಿರುವ ಅಲ್ಯೂಮಿನಿಯಂ ತಂತಿಯ ಹೆಸರು ರ‍್ಯಾಬಿಟ್ ಕಂಡಕ್ಟರ್. ಅದಕ್ಕೆ ಸುಮಾರು 0.55 ಓಮ್. ಕವಲು ಲೈನಿನಲ್ಲಿ ಅದಕ್ಕಿಂತ ಸಣ್ಣ ವೀಸೆಲ್ ತಂತಿ ಇದ್ದರೆ 0.9ಕ್ಕೂ ಮೇಲೆ. ಸಾಫ್ಟ್‌ವೇರ್ ತಪ್ಪು ಲೆಕ್ಕ ಮಾಡಿಲ್ಲ, ಬೇರೆ ಊರಿನ ಲೈನಿಗೆ ಸರಿಯಾದ ಉತ್ತರ ಕೊಟ್ಟಿದೆ.

ಹೊಸ ತಂತಿಯನ್ನು ನೀವೇ ಪಟ್ಟಿಗೆ ಸೇರಿಸಬಹುದು. ಕಿಲೋಮೀಟರಿಗೆ ರೆಸಿಸ್ಟೆನ್ಸ್, ರಿಯಾಕ್ಟೆನ್ಸ್ (ಎಸಿ ಕರೆಂಟಿಗೆ ತಂತಿಯ ಸುತ್ತಲಿನ ಕಾಂತಕ್ಷೇತ್ರ ಒಡ್ಡುವ ತಡೆ), ಕೆಪಾಸಿಟೆನ್ಸ್, ತಾಳುವ ಕರೆಂಟು, ಈ ನಾಲ್ಕು ಅಂಕಿ ಕೊಟ್ಟರೆ ಸಾಕು. ರಿಯಾಕ್ಟೆನ್ಸ್ 0.35 ಎಂದು ಹಿಡಿದು ನಾನು ಮತ್ತೆ ಓಡಿಸಿದೆ. ಕೊನೆಯ ವೋಲ್ಟೇಜ್ 9.45 ಕೆವಿ ಬಂತು. 11 ಕೆವಿ ಲೈನಿಗೆ ಶೇ 9ರಷ್ಟು ಇಳಿಯಲು ಮಾತ್ರ ಅವಕಾಶ. ಅಂದರೆ 10 ಕೆವಿಗಿಂತ ಕೆಳಗೆ ಹೋಗಬಾರದು. ಲೈನ್‌ಮನ್ ಅಣ್ಣ ಹೇಳಿದ್ದು ಸರಿ ಅಲ್ವಾ?

ಇನ್ನೊಂದು ಸಣ್ಣ ತಿದ್ದುಪಡಿ ಇದೆ. 0.55 ಎನ್ನುವುದು 20 ಡಿಗ್ರಿ ಬಿಸಿಯಲ್ಲಿ. ನಮ್ಮ ಕಡೆ ಮೇ ತಿಂಗಳ ಬಿಸಿಲಲ್ಲಿ ಕರೆಂಟು ಹರಿಯುವ ತಂತಿ 60 ಡಿಗ್ರಿ ಹತ್ತಿರ ಹೋಗುತ್ತದೆ. ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ ಶೇ 0.4ರಷ್ಟು ಜಾಸ್ತಿ ತಡೆಯುತ್ತದೆ. 40 ಡಿಗ್ರಿಗೆ ಶೇ 16 ಆಯಿತು. ತಂತಿಯ ಉಷ್ಣತೆ ಹೇಳುವ ಕಾಲಂ ಪಾಂಡಾಪವರ್‌ನಲ್ಲೇ ಇದೆ. ಅದನ್ನು ತುಂಬಿ, ಓಡಿಸುವಾಗ ಉಷ್ಣತೆಯನ್ನೂ ಲೆಕ್ಕಕ್ಕೆ ತೆಗೆದುಕೋ ಎಂದು ಹೇಳಬೇಕು, ಅಷ್ಟೇ. ಆಗ 9.45 ಇದ್ದದ್ದು 9.24 ಆಗುತ್ತದೆ.

ಈಗ ನಿಜವಾದ ವಿಷಯಕ್ಕೆ ಬರೋಣ. ಲೋಡ್ ಎಂದರೆ ಏನು ಎಂದು ನೀವು ಸಾಫ್ಟ್‌ವೇರಿಗೆ ಹೇಳಿಲ್ಲ. ಹೇಳದಿದ್ದರೆ ಅದು ಪ್ರತಿ ಲೋಡನ್ನೂ 'ವೋಲ್ಟೇಜ್ ಏನೇ ಆಗಲಿ, ನನಗೆ ಬೇಕಾದಷ್ಟು ಪವರ್ ಎಳೆಯುತ್ತೇನೆ' ಎನ್ನುವಂಥದ್ದು ಎಂದು ತಿಳಿಯುತ್ತದೆ. ಇದು ಸ್ಥಿರ ಪವರ್ ಲೋಡ್. ಹಳೆಯ ಬಲ್ಬು, ಗೀಸರ್, ಇಸ್ತ್ರಿ ಪೆಟ್ಟಿಗೆ ಹಾಗಲ್ಲ. ವೋಲ್ಟೇಜ್ ಇಳಿದರೆ ಅವೂ ಕಡಿಮೆ ಎಳೆಯುತ್ತವೆ. ಇವು ಸ್ಥಿರ ಇಂಪೀಡೆನ್ಸ್ ಲೋಡ್, ಅಂದರೆ ತಡೆ ಬದಲಾಗದ ಲೋಡ್. ಎರಡರ ನಡುವೆ ಸ್ಥಿರ ಕರೆಂಟಿನದು. ನಿಮ್ಮದೇ ಫೀಡರು, 20 ಡಿಗ್ರಿ ಲೆಕ್ಕವೇ ಇರಲಿ. ಮೊದಲ ಬಗೆಯಲ್ಲಿ 9.45 ಕೆವಿ. ಕರೆಂಟ್ ಬಗೆಯಲ್ಲಿ 9.67. ಇಂಪೀಡೆನ್ಸ್ ಬಗೆಯಲ್ಲಿ 9.81. ಲೈನಿನಲ್ಲಿ ಹಾಳಾಗುವ ಪವರ್ ಮೊದಲನೆಯದರಲ್ಲಿ 260 ಕಿಲೋವ್ಯಾಟ್, ಕೊನೆಯದರಲ್ಲಿ 153. ತಂತಿ ಅದೇ, ಉದ್ದ ಅದೇ. ಲೋಡಿನ ಸ್ವಭಾವ ಒಂದು ಬದಲಾಗಿದ್ದಕ್ಕೆ ಇಷ್ಟು ವ್ಯತ್ಯಾಸ.

ಪಂಪಿನ ಮೋಟಾರು ಮೊದಲನೆಯ ಬಗೆಗೇ ಹತ್ತಿರ. ಬಾವಿಯ ನೀರು ಅಷ್ಟೇ ಆಳದಲ್ಲಿದೆ, ಎತ್ತಬೇಕಾದ ಭಾರ ಅಷ್ಟೇ ಇದೆ. ವೋಲ್ಟೇಜ್ ಇಳಿದರೆ ಮೋಟಾರು ಕರೆಂಟನ್ನು ಜಾಸ್ತಿ ಎಳೆಯುತ್ತದೆ. ಕರೆಂಟು ಏರಿದರೆ ಲೈನಿನಲ್ಲಿ ವೋಲ್ಟೇಜ್ ಮತ್ತೆ ಇಳಿಯುತ್ತದೆ. ಹಾಗಾಗಿ ಪಂಪ್ ಫೀಡರಿಗೆ ಸ್ಥಿರ ಪವರ್ ಇರಲಿ. ನಿರಂತರ ಜ್ಯೋತಿ ಯೋಜನೆಯ, ಹಳ್ಳಿ ಮನೆಗಳಿಗೇ ಮೀಸಲಾದ ಫೀಡರ್ ಕಟ್ಟುವಾಗ ಮಾತ್ರ ಶೇಕಡಾ ಇಷ್ಟು ಇಂಪೀಡೆನ್ಸ್, ಇಷ್ಟು ಕರೆಂಟ್ ಎಂದು ಹಂಚಿ. ಅದಕ್ಕೂ ಕಾಲಂ ಇದೆ.

ಕೊನೆಯದು, ಪುಸ್ತಕದಲ್ಲಿ ಸಿಗದ್ದು. ಡೈವರ್ಸಿಟಿ ಲೆಕ್ಕ ಹಾಕಿ, ಎಲ್ಲ ಪಂಪುಗಳೂ ಒಟ್ಟಿಗೆ ಓಡುವುದಿಲ್ಲ ಎಂದು ಶೇ 60 ಹಿಡಿದಿದ್ದೀರಿ. ಬೇರೆ ಕಡೆ ಸರಿ. ನಮ್ಮಲ್ಲಿ ತ್ರೀ ಫೇಸ್ ಬರುವುದು ದಿನಕ್ಕೆ 7 ಗಂಟೆ, ಅದೂ ಪಾಳಿಯಲ್ಲಿ. ರಾತ್ರಿ ಎರಡಕ್ಕೆ ಎದ್ದು ಹೊಲಕ್ಕೆ ಹೋಗುವುದು ಯಾರಿಗೆ ಬೇಕು? ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಸಿದ್ದಾರೆ. ಕರೆಂಟು ಬಂದ ಕ್ಷಣ ಇಡೀ ಫೀಡರಿನ ಪಂಪುಗಳು ಒಟ್ಟಿಗೆ ಗುಂಯ್ ಎನ್ನುತ್ತವೆ. ಆ ಹೊತ್ತಿನ ಲೆಕ್ಕಕ್ಕೆ ಡೈವರ್ಸಿಟಿ ಎಂಬುದೇ ಇಲ್ಲ. ಒಂದು ದಿನ ಡೈರಿ ಹಿಡಿದು ಬಾವಿಯಿಂದ ಬಾವಿಗೆ ಓಡಾಡಿ. ಕಾಗದದಲ್ಲಿ 5 ಎಚ್‌ಪಿ ಮಂಜೂರಾದ ಕಡೆ ಮೋಟಾರಿನ ಮೇಲೆ 7.5 ಎಂದು ಬರೆದಿರುವುದು ಕಾಣುತ್ತದೆ. ನೀರು ಕೆಳಗೆ ಹೋಗಿದೆ, ರೈತರು ಏನು ಮಾಡಬೇಕು? ಅವರನ್ನು ದೂರಬೇಡಿ. ನಿಮ್ಮ ಫೈಲಿನಲ್ಲಿ 7.5 ಬರೆಯಿರಿ.

ಪ್ರಶ್ನೆ: ನನ್ನ ಮಾಡೆಲ್ ಕನ್ವರ್ಜ್ ಆಗುತ್ತಿಲ್ಲ, ಅಂದರೆ ಲೆಕ್ಕ ಒಂದು ಉತ್ತರಕ್ಕೆ ಬಂದು ನಿಲ್ಲುತ್ತಿಲ್ಲ. 10 ಸುತ್ತಿಗೆ ನಿಂತುಬಿಡುತ್ತದೆ. ಮಿತಿಯನ್ನು 1000ಕ್ಕೆ ಏರಿಸಿದೆ, ಆಗಲೂ ಇಲ್ಲ. ಬೇರೆ ಸಾಫ್ಟ್‌ವೇರ್ ಕೊಳ್ಳಬೇಕೇ?
— ಕಿರಿಯ ಇಂಜಿನಿಯರ್, ಸಿಂದಗಿ

ಉತ್ತರ: ದುಡ್ಡು ಖರ್ಚು ಮಾಡಬೇಡಿ. ನ್ಯೂಟನ್-ರ‍್ಯಾಫ್ಸನ್ ವಿಧಾನಕ್ಕೆ (ಒಂದು ಊಹೆಯಿಂದ ಶುರು ಮಾಡಿ ಸುತ್ತು ಸುತ್ತಿಗೆ ತಿದ್ದುತ್ತ ಹೋಗುವುದು) ಉತ್ತರ ಸಿಗುವುದಿದ್ದರೆ ಸಾಮಾನ್ಯವಾಗಿ ನಾಲ್ಕೈದು ಸುತ್ತಿನಲ್ಲೇ ಸಿಗುತ್ತದೆ. ಹತ್ತರಲ್ಲಿ ಸಿಗದ್ದು ಸಾವಿರದಲ್ಲಿ ಸಿಗುವುದು ತೀರಾ ಅಪರೂಪ.

ಮೊದಲು ಯೂನಿಟ್ ನೋಡಿ. ಪಾಂಡಾಪವರ್ ಹಳೆಯ ಆವೃತ್ತಿಗಳಲ್ಲಿ ಲೋಡನ್ನು ಕಿಲೋವ್ಯಾಟಿನಲ್ಲಿ ಕೊಡಬೇಕಿತ್ತು. 2.0 ಆವೃತ್ತಿಯಿಂದ ಮೆಗಾವ್ಯಾಟ್. ಹಿರಿಯರು ಕೊಟ್ಟ ಹಳೇ ಸ್ಕ್ರಿಪ್ಟಿನಲ್ಲಿ 63 ಎಂದಿದ್ದರೆ ಅದು ಒಂದು ಟಿಸಿಯ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿನ, ಲೋಡು. ಹೊಸ ಆವೃತ್ತಿ ಅದನ್ನು 63 ಮೆಗಾವ್ಯಾಟ್ ಎಂದು ಓದುತ್ತದೆ. ಒಂದು 11 ಕೆವಿ ಲೈನು ಅಷ್ಟು ಹೊರುವುದು ಸಾಧ್ಯವೇ?

ಯೂನಿಟ್ ಸರಿ ಇದ್ದರೆ ಎಲ್ಲ ಲೋಡನ್ನೂ ಶೇ 30ಕ್ಕೆ ಇಳಿಸಿ ಓಡಿಸಿ. ಪ್ರತಿ ಲೋಡಿನ ಮುಂದೆ ಸ್ಕೇಲಿಂಗ್ ಎಂಬ ಕಾಲಂ ಇದೆ, ಮೂಲ ಅಂಕಿ ಮುಟ್ಟಬೇಕಿಲ್ಲ. ಉತ್ತರ ಬಂದರೆ 40, 50, 60 ಎಂದು ಏರಿಸುತ್ತ ಹೋಗಿ. ಎಲ್ಲಿ ಮುರಿಯುತ್ತದೆ ಎನ್ನುವುದೇ ನಿಮಗೆ ಬೇಕಾದ ಸುದ್ದಿ. ಮೇಲಿನ ಜಮಖಂಡಿಯ ಫೀಡರಿನಲ್ಲಿ ನಾನು ಏರಿಸುತ್ತ ಹೋದೆ. ಸುಮಾರು 3.1 ಮೆಗಾವ್ಯಾಟ್ ದಾಟಿದ ಮೇಲೆ ಉತ್ತರವೇ ಇಲ್ಲ. ಆ ತಂತಿ, ಆ ಉದ್ದಕ್ಕೆ ಅದಕ್ಕಿಂತ ಜಾಸ್ತಿ ಸ್ಥಿರ ಪವರ್ ತಲುಪಿಸಲು ಯಾವ ಸಾಫ್ಟ್‌ವೇರಿಂದಲೂ ಆಗದು, ನಿಜವಾದ ಲೈನಿನಿಂದಲೂ ಆಗದು. ಕನ್ವರ್ಜ್ ಆಗದಿರುವುದನ್ನು ಬರೀ ಕಂಪ್ಯೂಟರಿನ ತೊಂದರೆ ಎಂದು ತಳ್ಳಿಹಾಕಬೇಡಿ. ಎಷ್ಟೋ ಸಲ ಅದು ಲೈನಿನ ಕೂಗು.

ಇನ್ನೊಂದು ಅನುಮಾನ. ನೀವು, ಲೆಕ್ಕ ಬೇಗ ಮುಗಿಸಲು ರೆಸಿಸ್ಟೆನ್ಸನ್ನು ಹೆಚ್ಚುಕಡಿಮೆ ಬಿಟ್ಟುಬಿಡುವ ಫಾಸ್ಟ್ ಡಿಕಪಲ್ಡ್ ವಿಧಾನ ಆರಿಸಿದ್ದೀರಿ ಅನ್ನಿಸುತ್ತದೆ. 1974ರಲ್ಲಿ ಸ್ಟಾಟ್ ಮತ್ತು ಅಲ್ಸಾಚ್ ಅದನ್ನು ಕೊಟ್ಟಾಗ ಅವರ ಮನಸ್ಸಿನಲ್ಲಿ ಇದ್ದದ್ದು ದೊಡ್ಡ ಟ್ರಾನ್ಸ್‌ಮಿಷನ್ ಲೈನುಗಳು. ಅಲ್ಲಿ ರಿಯಾಕ್ಟೆನ್ಸ್ ಮುಂದೆ ರೆಸಿಸ್ಟೆನ್ಸ್ ತೀರಾ ಸಣ್ಣದು. ನಮ್ಮ ವೀಸೆಲ್ ತಂತಿಯಲ್ಲಿ ರೆಸಿಸ್ಟೆನ್ಸೇ ಎರಡೂವರೆ ಪಟ್ಟು. ಕೂಡಗಿ ಉಷ್ಣ ವಿದ್ಯುತ್ ಸ್ಥಾವರದ 400 ಕೆವಿ ಲೈನಿಗೆ ಹೊಂದುವ ವಿಧಾನ ಸಿಂದಗಿಯ ಪಂಪ್ ಲೈನಿಗೆ ಹೊಂದುವುದಿಲ್ಲ. ಮರದ ಕೊಂಬೆಯ ಹಾಗೆ ಒಂದೇ ಕಡೆಯಿಂದ ಕವಲೊಡೆಯುವ ಲೈನಿಗೆ ಬ್ಯಾಕ್‌ವರ್ಡ್-ಫಾರ್ವರ್ಡ್ ಸ್ವೀಪ್ ಆರಿಸಿ. ಕೊನೆಯಿಂದ ಕರೆಂಟು ಕೂಡಿಸುತ್ತ ಬರುವುದು, ಮೊದಲಿನಿಂದ ವೋಲ್ಟೇಜ್ ಕಳೆಯುತ್ತ ಹೋಗುವುದು. ಕೈಯಲ್ಲೂ ಮಾಡಬಹುದು. ಒಂದು ಸಲ ಕೈಯಲ್ಲಿ ಮಾಡಿ ನೋಡಿ ಎಂದೇ ನಾನು ಹೇಳುವುದು.

ಪ್ರಶ್ನೆ: ಸಬ್‌ಸ್ಟೇಷನ್ ಲಾಗ್ ಶೀಟಿನ ಆಂಪಿಯರ್ ನನ್ನ ಲೆಕ್ಕದ ಅರ್ಧ ಮಾತ್ರ ಇದೆ. ಹೊಂದಿಕೆಯಾಗಲಿ ಎಂದು ಎಲ್ಲ ಲೋಡನ್ನೂ 0.5ರಿಂದ ಗುಣಿಸಿದೆ. ಈಗ ಸರಿಯಾಗಿ ಕೂಡುತ್ತದೆ. ಹೀಗೆ ಮಾಡಬಹುದೇ?
— ಓದುಗರು, ಬಾಗಲಕೋಟೆ

ಉತ್ತರ: ದಯವಿಟ್ಟು ಬೇಡ. ಇದನ್ನು ನಾನೇ ಮಾಡಿದ್ದೇನೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ಒಂದು ಫೀಡರಿಗೆ ನನ್ನ ಮಾಡೆಲ್ 125 ಆಂಪಿಯರ್ ಹೇಳುತ್ತಿತ್ತು. ಲಾಗ್ ಶೀಟಿನಲ್ಲಿ ತಿಂಗಳುಗಟ್ಟಲೆ 62, 60, 63. ಪುಸ್ತಕದ ಡೈವರ್ಸಿಟಿ ನೆನಪಾಯಿತು. ಅರ್ಧ ಪಂಪುಗಳು ಓಡುವುದಿಲ್ಲ ಎಂದುಕೊಂಡು ಅರ್ಧ ಮಾಡಿದೆ. ಅಂಕಿಗಳು ಚೆಂದ ಕೂಡಿದವು. ಈ ಫೀಡರಿಗೆ ಎರಡನೇ ಲೈನು ಬೇಡ ಎಂದು ವರದಿ ಕೊಟ್ಟೆ. ಆ ಬೇಸಿಗೆಯಲ್ಲಿ ಲೈನಿನ ಕೊನೆಯ ಹಳ್ಳಿಯಿಂದ ಸುಟ್ಟ ಮೋಟಾರುಗಳು ಟ್ರ್ಯಾಕ್ಟರಿನಲ್ಲಿ ರಿವೈಂಡಿಂಗ್ ಅಂಗಡಿಗೆ ಬಂದವು. ನಾನು ಅಂಗಡಿಯ ಮುಂದೆ ನಿಂತು ಎಣಿಸಿದೆ, ಒಂದೇ ದಿನ ಒಂಬತ್ತು.

ಮತ್ತೆ ಆ ಸಬ್‌ಸ್ಟೇಷನ್ನಿಗೆ ಹೋದೆ. ಹಿರಿಯ ಆಪರೇಟರ್ ಒಬ್ಬರು ಮಾತಾಡದೆ ಪ್ಯಾನೆಲ್ಲಿನ ಹಿಂದಿನ ಬಾಗಿಲು ತೆಗೆದರು. ಸಿಟಿಯಿಂದ (ಲೈನಿನ ಕರೆಂಟನ್ನು ಮೀಟರಿಗೆ ತಕ್ಕಷ್ಟು ಇಳಿಸಿಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರಿನಿಂದ) ಮೀಟರಿಗೆ ಬರುವ ಸಣ್ಣ ವೈರಿಗೆ ಟಾಂಗ್ ಟೆಸ್ಟರ್, ಅಂದರೆ ವೈರು ಬಿಚ್ಚದೆ ಕರೆಂಟು ಅಳೆಯುವ ಇಕ್ಕಳದಂಥ ಮೀಟರು, ಹಾಕಿದರು. 3.1 ಆಂಪಿಯರ್. ಲೈನಿಗೆ ಹಾಕಿದ್ದ ಸಿಟಿ 200ಕ್ಕೆ 5ರದು. ಹಾಗಾದರೆ ಲೈನಿನಲ್ಲಿ 124 ಆಂಪಿಯರ್. ಆದರೆ ಎದುರಿನ ಮೀಟರಿನ ಮುಖ ಹಳೆಯ 100ಕ್ಕೆ 5ರದ್ದೇ ಉಳಿದಿತ್ತು. ಸಿಟಿ ಬದಲಾಯಿಸಿದವರು ಮೀಟರಿನ ಮುಖ ಬದಲಾಯಿಸಿರಲಿಲ್ಲ. ಮುಳ್ಳು 62 ತೋರಿಸುತ್ತಿತ್ತು, ಪಾಳಿಯವರು 62 ಎಂದು ಬರೆಯುತ್ತಿದ್ದರು. ನನ್ನ ಮೊದಲಿನ ಮಾಡೆಲ್ಲೇ ಸರಿ ಇತ್ತು. ಅದನ್ನು ಕೆಡಿಸಿದವಳು ನಾನು. ಆ ಒಂಬತ್ತು ಮೋಟಾರು ಈಗಲೂ ಕಣ್ಣ ಮುಂದಿವೆ.

ಲೆಕ್ಕಕ್ಕೂ ಮೀಟರಿಗೂ ವ್ಯತ್ಯಾಸ ಬಂದರೆ ಮೊದಲು ಸಿಟಿಯ ಮೇಲಿನ ನೇಮ್‌ಪ್ಲೇಟ್ ಓದಿ. ಆಮೇಲೆ ಆಪರೇಟರ್ ಹತ್ತಿರ ಕೂತು ಟಾಂಗ್ ಟೆಸ್ಟರ್ ಹಾಕಿಸಿ. ಪ್ಯಾನೆಲ್ ಒಳಗೆ ನೀವು ಕೈ ಹಾಕಬೇಡಿ, ಸಿಟಿಯ ವೈರು ಬಿಚ್ಚಿದರೆ ಜೀವಕ್ಕೇ ಅಪಾಯ. ತಿಂಗಳ ಯೂನಿಟ್ಟಿನ ಲೆಕ್ಕದೊಂದಿಗೂ ತಾಳೆ ನೋಡಿ. ಇಷ್ಟಾದ ಮೇಲೂ ಯಾವುದನ್ನಾದರೂ ಗುಣಿಸಲೇಬೇಕಾದರೆ, ಯಾಕೆ ಗುಣಿಸಿದೆ ಎಂದು ಅದೇ ಸಾಲಿನ ಪಕ್ಕದಲ್ಲಿ ಬರೆಯಿರಿ. ಕಾರಣ ಬರೆಯಲು ಬಾರದಿದ್ದರೆ ಗುಣಿಸಬೇಡಿ.

ಪ್ರಶ್ನೆ: ಸಕ್ಕರೆ ಕಾರ್ಖಾನೆಯ ಕೋಜನರೇಷನ್ (ಕಬ್ಬಿನ ಸಿಪ್ಪೆ ಉರಿಸಿ ಹಬೆಯ ಜೊತೆ ಕರೆಂಟನ್ನೂ ಮಾಡುವ) ಘಟಕವನ್ನು ಮಾಡೆಲ್‌ನಲ್ಲಿ ಹೇಗೆ ತೋರಿಸಬೇಕು? 20 ಮೆಗಾವ್ಯಾಟಿನ ಜನರೇಟರ್. ವೋಲ್ಟೇಜ್ ತುಂಬಾ ಚೆನ್ನಾಗಿ ನಿಲ್ಲುತ್ತದೆ ಎಂದು ಉತ್ತರ ಬರುತ್ತಿದೆ, ನಂಬಿಕೆ ಬರುತ್ತಿಲ್ಲ. ಸ್ಲ್ಯಾಕ್ ಬಸ್ (ಬಸ್ ಎಂದರೆ ಲೈನುಗಳು ಕೂಡುವ ಜಾಗ) ಆಗಿ ಕೂಡಗಿಯನ್ನು ಇಟ್ಟಿದ್ದೇನೆ.
— ವಿದ್ಯುತ್ ಮೇಲ್ವಿಚಾರಕರು, ಮುಧೋಳ

ಉತ್ತರ: ನಂಬಿಕೆ ಬಾರದಿದ್ದದ್ದು ಒಳ್ಳೆಯದೇ ಆಯಿತು. ನಿಮ್ಮ ಉತ್ತರದಲ್ಲಿ ಆ ಜನರೇಟರ್ 24 ಮೆಗಾವಾರ್ ರಿಯಾಕ್ಟಿವ್ ಪವರ್ ಕೊಡುತ್ತಿದೆ. ವೋಲ್ಟೇಜ್ ಎತ್ತಿ ಹಿಡಿಯುವ, ಆದರೆ ತಾನು ಕೆಲಸ ಮಾಡದ ಪವರ್ ಅದು. 0.8 ಪವರ್ ಫ್ಯಾಕ್ಟರಿನ 20 ಮೆಗಾವ್ಯಾಟ್ ಯಂತ್ರ ಪೂರ್ತಿ ಓಡುವಾಗ ಕೊಡಬಲ್ಲದ್ದು 15. ವೋಲ್ಟೇಜ್ ಹಿಡಿದು ನಿಲ್ಲಿಸು ಎಂದು ನೀವು ಹೇಳಿದಿರಿ, ಅದು ಇಲ್ಲದ ಶಕ್ತಿಯಿಂದ ನಿಲ್ಲಿಸಿತು. ಪಾಂಡಾಪವರ್ ಇರಲಿ, ಮ್ಯಾಟ್‌ಪವರ್ ಎಂಬ ಇನ್ನೊಂದು ಸಾಫ್ಟ್‌ವೇರ್ ಇರಲಿ, ರಿಯಾಕ್ಟಿವ್ ಮಿತಿ ಪಾಲಿಸುವ ಆಯ್ಕೆ ಮೊದಲಿಗೆ ಆಫ್ ಆಗಿಯೇ ಇರುತ್ತದೆ. ಮಿತಿಯ ಅಂಕಿ ತುಂಬಿದರಷ್ಟೇ ಸಾಲದು, ಆಯ್ಕೆಯನ್ನು ಆನ್ ಮಾಡಬೇಕು. ಆಗ ಮಿತಿ ಮುಟ್ಟಿದ ಜನರೇಟರ್ ವೋಲ್ಟೇಜ್ ಹಿಡಿಯುವುದನ್ನು ಬಿಟ್ಟು, ಬರೀ 15 ಕೊಡುವ ಯಂತ್ರವಾಗುತ್ತದೆ. ನಿಮ್ಮ ಆಪರೇಟರ್ ನಿಜವಾಗಿ ಪವರ್ ಫ್ಯಾಕ್ಟರನ್ನು ಒಂದರ ಹತ್ತಿರ ಇಟ್ಟು ಓಡಿಸುತ್ತಾರೆ ಎಂದಾದರೆ, ವೋಲ್ಟೇಜ್ ಹಿಡಿಯುವ ಬಸ್ ಎಂದು ತೋರಿಸುವುದೇ ತಪ್ಪು. ಕಂಟ್ರೋಲ್ ರೂಮಿನಲ್ಲಿ ಅವರನ್ನೇ ಕೇಳಿ.

ಎರಡು ಕೇಸ್ ಬೇರೆ ಬೇರೆ ಮಾಡಿ. ಕಬ್ಬು ನುರಿಯುವ ಚಳಿಗಾಲದ್ದು ಒಂದು. ಮಳೆಗಾಲದ್ದು ಇನ್ನೊಂದು. ಮಳೆಗಾಲದಲ್ಲಿ ನಿಮ್ಮ ಬಾಯ್ಲರ್ ತಣ್ಣಗಿರುತ್ತದೆ, ಆದರೆ ಕೃಷ್ಣೆ ತುಂಬಿ ಆಲಮಟ್ಟಿಯ 290 ಮೆಗಾವ್ಯಾಟ್ ಘಟಕ ಓಡುತ್ತಿರುತ್ತದೆ. ವರ್ಷದ ಸರಾಸರಿ ತೆಗೆದು ಒಂದೇ ಕೇಸ್ ಮಾಡಿದರೆ ಎರಡೂ ಅರ್ಧರ್ಧ ಓಡುವ ಒಂದು ದಿನ ಹುಟ್ಟುತ್ತದೆ. ಅಂಥ ದಿನ ನಮ್ಮ ಜಿಲ್ಲೆಗಳಲ್ಲಿ ಸಿಗುವುದೇ ಕಷ್ಟ.

ಸ್ಲ್ಯಾಕ್ ಬಗ್ಗೆ. ಲೆಕ್ಕದಲ್ಲಿ ಹೆಚ್ಚುಕಡಿಮೆಯಾದ ಪವರನ್ನೆಲ್ಲ ತುಂಬಿಕೊಡುವ ಬಸ್ ಅದು. ಕೂಡಗಿಯಲ್ಲಿ 800 ಮೆಗಾವ್ಯಾಟಿನ 3 ಯಂತ್ರಗಳಿವೆ, ಆದರೂ ಎಲ್ಲ ವ್ಯತ್ಯಾಸವನ್ನೂ ಅದೊಂದೇ ಹೊರುವುದಿಲ್ಲ. ನಿಮಗೆ ಬೇಕಾದ್ದು ಕಾರ್ಖಾನೆ ಸುತ್ತಲಿನ 110 ಕೆವಿ ಜಾಲ ತಾನೇ? ಹಾಗಿದ್ದರೆ ನಿಮಗೆ ಪವರ್ ಬರುವ ದೊಡ್ಡ ಸಬ್‌ಸ್ಟೇಷನ್ನೇ ಸ್ಲ್ಯಾಕ್ ಆಗಲಿ. ಇಡೀ ಪ್ರದೇಶ ಬೇಕೆಂದರೆ ಡಿಸ್ಟ್ರಿಬ್ಯೂಟೆಡ್ ಸ್ಲ್ಯಾಕ್ ಬಳಸಿ, ಹಲವು ಜನರೇಟರ್‌ಗಳು ಪಾಲು ಹಂಚಿಕೊಳ್ಳುತ್ತವೆ.

ಪ್ರಶ್ನೆ: ಟ್ಯಾಪ್ ಚೇಂಜರ್ ಕಂಟ್ರೋಲರ್ ಹಾಕಿದ ಮೇಲೆ ಸಿಮ್ಯುಲೇಷನ್ ಮುಗಿಯುವುದೇ ಇಲ್ಲ. ಟ್ಯಾಪ್ ಮೇಲೆ, ಕೆಳಗೆ, ಮೇಲೆ, ಕೆಳಗೆ.
— ಡಿಪ್ಲೊಮಾ ವಿದ್ಯಾರ್ಥಿ, ಬೆಳಗಾವಿ

ಉತ್ತರ: ಟ್ಯಾಪ್ ಚೇಂಜರ್ ಎಂದರೆ ಟ್ರಾನ್ಸ್‌ಫಾರ್ಮರಿನ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸುವ ಸ್ವಿಚ್ಚು. ನಿಮ್ಮ ಟ್ಯಾಪ್ ಒಂದು ಮೆಟ್ಟಿಲಿಗೆ ಶೇ 1.25 ಬದಲಾಗುತ್ತದೆ. ವೋಲ್ಟೇಜ್ ಇರಬೇಕೆಂದು ನೀವು ಕೊಟ್ಟ ಮೇಲಿನ-ಕೆಳಗಿನ ಮಿತಿಗಳ ನಡುವಿನ ಅಗಲ ಶೇ 1. ಮೆಟ್ಟಿಲೇ ಬಾಗಿಲಿಗಿಂತ ದೊಡ್ಡದು. ಒಂದು ಹೆಜ್ಜೆ ಇಟ್ಟರೆ ಆಚೆ, ವಾಪಸ್ ಇಟ್ಟರೆ ಈಚೆ. ಆ ಅಗಲವನ್ನು ಶೇ 2 ಮಾಡಿ. ನಿಜವಾದ ಟ್ರಾನ್ಸ್‌ಫಾರ್ಮರಿನಲ್ಲೂ ಇದೇ ತೊಂದರೆ ಬರುತ್ತದೆ, ಅಲ್ಲಿ ಕಾಂಟ್ಯಾಕ್ಟ್ ಸವೆಯುತ್ತದೆ.

ಯಾವ ಸಾಫ್ಟ್‌ವೇರ್ ಉಚಿತ ಎಂದೂ ಕೇಳಿದ್ದೀರಿ. ಪಾಂಡಾಪವರ್, ಓಪನ್ ಡಿಎಸ್ಎಸ್ ಎರಡೂ ಉಚಿತ. ಮ್ಯಾಟ್‌ಪವರ್ ಆಕ್ಟೇವ್ ಎಂಬ ಉಚಿತ ಲೆಕ್ಕದ ಸಾಫ್ಟ್‌ವೇರಿನಲ್ಲೂ ಓಡುತ್ತದೆ. ಸಾಮಾನ್ಯ ಲ್ಯಾಪ್‌ಟಾಪ್ ಸಾಕು.

ಪ್ರಶ್ನೆ: ಅಕ್ಕಾ, ನನಗೆ ಕಂಪ್ಯೂಟರ್ ಗೊತ್ತಿಲ್ಲ. ದ್ರಾಕ್ಷಿ ತೋಟ ಇದೆ. ಎರಡು ಸಲ ಮೋಟಾರ್ ಸುಟ್ಟಿದೆ. ವೋಲ್ಟ್ ಮೀಟರಿನಲ್ಲಿ ಮೂರು ಕಡೆ 380, 392, 350 ಬರುತ್ತದೆ. ನಿಮ್ಮ ಲೆಕ್ಕದಿಂದ ನನಗೇನಾದರೂ ಉಪಯೋಗ ಇದೆಯಾ?
— ರೈತರು, ತಿಕೋಟಾ

ಉತ್ತರ: ಇದೆ ಅಣ್ಣಾ. ಈ ತಿಂಗಳು ಬಂದ ಪತ್ರಗಳಲ್ಲಿ ಪೂರ್ತಿ ಅಳತೆ ಬರೆದು ಕಳಿಸಿದವರು ನೀವೊಬ್ಬರೇ.

ಮೂರರ ಸರಾಸರಿ 374. ಅದರಿಂದ ತೀರಾ ದೂರ ಇರುವುದು 350, ಅಂದರೆ 24 ವೋಲ್ಟ್ ಕಡಿಮೆ. ಶೇ 6.4ರಷ್ಟು ಏರುಪೇರು. ಮೋಟಾರಿನಲ್ಲಿ ವೋಲ್ಟೇಜ್ ಶೇ 1 ಏರುಪೇರಾದರೆ ಕರೆಂಟು ಶೇ 6ರಿಂದ 10ರಷ್ಟು ಏರುಪೇರಾಗುತ್ತದೆ. ಒಂದು ವಿಂಡಿಂಗ್ ಬೇರೆಯವುಗಳಿಗಿಂತ ಬಹಳ ಜಾಸ್ತಿ ಬಿಸಿಯಾಗುತ್ತದೆ. ಸುಟ್ಟದ್ದು ರಿವೈಂಡಿಂಗ್ ತಪ್ಪಿನಿಂದ ಎಂದು ಅಂಗಡಿಯವರ ಜೊತೆ ಜಗಳ ಮಾಡಬೇಡಿ.

ಮೇಲೆ ನಾನು ಹೇಳಿದ ಲೆಕ್ಕಗಳೆಲ್ಲ ಮೂರೂ ಫೇಸ್ ಸಮ ಎಂದು ಹಿಡಿದು ಮಾಡಿದ್ದು. ನಿಮ್ಮ ಟಿಸಿಗೆ ಅದು ಹೊಂದುವುದಿಲ್ಲ. ತ್ರೀ ಫೇಸ್ ಇಲ್ಲದ ಹೊತ್ತಿನಲ್ಲಿ ಕೆಪಾಸಿಟರ್ ಹಾಕಿ ಎರಡು ಫೇಸಿನ ಮೇಲೆ ಮೋಟಾರ್ ಓಡಿಸುವ ಪದ್ಧತಿ ನಿಮ್ಮ ಕಡೆ ಇದೆ. ತೋಟದ ಮನೆಯ ದೀಪಗಳೂ ಒಂದೇ ಫೇಸಿಗೆ ಬಿದ್ದಿರುತ್ತವೆ. ಇದಕ್ಕೆ ಪ್ರತಿ ಫೇಸನ್ನೂ ಬೇರೆ ಬೇರೆ ಲೆಕ್ಕ ಹಾಕುವ ಲೋಡ್ ಫ್ಲೋ ಬೇಕು. ಓಪನ್ ಡಿಎಸ್ಎಸ್ ಇಂಥದ್ದಕ್ಕೇ ಮಾಡಿದ್ದು. ಪಾಂಡಾಪವರ್‌ನಲ್ಲೂ ಆಗುತ್ತದೆ, ತಂತಿಯ ಮತ್ತು ಟಿಸಿಯ ಝೀರೋ ಸೀಕ್ವೆನ್ಸ್ ಅಂಕಿಗಳನ್ನೂ (ಫೇಸ್‌ಗಳು ಸಮ ಇಲ್ಲದಾಗ ಬೇಕಾಗುವ ಇನ್ನೊಂದು ಬಗೆಯ ತಡೆಯ ಅಂಕಿ) ಕೊಡಬೇಕಷ್ಟೇ. ನನ್ನ ವಿದ್ಯಾರ್ಥಿಗಳಿಬ್ಬರು ನಿಮ್ಮ ಟಿಸಿಯನ್ನೇ ತೆಗೆದುಕೊಂಡು ಮಾಡುತ್ತೇವೆ ಎಂದಿದ್ದಾರೆ.

ಅವರಿಗೆ ನಿಮ್ಮಿಂದ ಬೇಕಾದ್ದು ಒಂದು ವಾರದ ಅಳತೆ. ತ್ರೀ ಫೇಸ್ ಬಂದು ಹತ್ತು ನಿಮಿಷ ಆದ ಮೇಲೆ ಒಮ್ಮೆ, ನಡುವೆ ಒಮ್ಮೆ, ಹೋಗುವ ಮುಂಚೆ ಒಮ್ಮೆ. ಮೂರೂ ಕಡೆಯ ವೋಲ್ಟೇಜ್ ಬರೆಯಿರಿ, ಪಕ್ಕದಲ್ಲಿ ಗಂಟೆ ಬರೆಯಿರಿ. ಸ್ಟಾರ್ಟರ್ ಪೆಟ್ಟಿಗೆಯ ಮೀಟರಿನಲ್ಲಿ ಕಾಣುವುದಷ್ಟೇ ಸಾಕು, ವೈರು ಮುಟ್ಟಬೇಡಿ. ನಿಮ್ಮ ಟಿಸಿಗೆ ಸೇರಿದ ಇನ್ನಿಬ್ಬರು ರೈತರೂ ಅದೇ ಹೊತ್ತಿಗೆ ಬರೆದರೆ ಬಹಳ ಒಳ್ಳೆಯದು, ಒಬ್ಬರು ಟಿಸಿ ಹತ್ತಿರದವರು, ಒಬ್ಬರು ಕೊನೆಯವರು. ಅಲ್ಲಿಯ ತನಕ 350 ತೋರಿಸುವ ಹೊತ್ತಿನಲ್ಲಿ ಮೋಟಾರು ಓಡಿಸಬೇಡಿ. ಪತ್ರಿಕೆಯ ವಿಳಾಸಕ್ಕೆ ಕಳಿಸಿ, ಲಕೋಟೆಯ ಮೇಲೆ 'ತಿಕೋಟಾ ಟಿಸಿ' ಎಂದು ಬರೆದರೆ ನೇರ ನನ್ನ ಮೇಜಿಗೆ ಬರುತ್ತದೆ.